ಫ್ಯಾನಿಲ್ಲದ ಕಾರ್ಡು ಇದೆಯಾ?

ಸಂಗೀತ ಕಿವಿಗೆ ಸಂಬಂಧಪಟ್ಟದ್ದು ಅನ್ನುವವರು ಇತ್ತೀಚೆಗೆ ಯಾವ ಸ್ಟುಡಿಯೊದೊಳಗೂ ಕಾಲಿಟ್ಟಿಲ್ಲ ಅಂತಲೇ ಅರ್ಥ. ಅಲ್ಲೀಗ ಹಾಡನ್ನು ಮೊದಲು ನೋಡುತ್ತಾರೆ, ಪುರಸೊತ್ತಾದರೆ ಕೇಳುತ್ತಾರೆ. ಮನೆಯ ಹಿಂಬದಿಯ ಪುಟ್ಟ ಕೋಣೆಯಲ್ಲಿರುವ ನನ್ನ ಸ್ಟುಡಿಯೊ ಕೂಡ ಇದಕ್ಕೆ ಹೊರತಲ್ಲ. ಒಂದು ಭಾವಗೀತೆ ಅಂದರೆ ತಂಬೂರಿ, ತಬಲಾ, ಕೊಳಲು, ಗಾಯಕಿಯ ದನಿ, ಅದೇ ದನಿಯ ಮೇಲೆ ಮತ್ತೆರಡು ಪದರ, ಎಲ್ಲ ಸೇರಿ ಟ್ರ್ಯಾಕುಗಳು ಐವತ್ತರ ಹತ್ತಿರ ಬರುತ್ತವೆ. ಎಡಗಡೆ ಪರದೆಯಲ್ಲಿ ಟ್ರ್ಯಾಕುಗಳ ಸಾಲು, ನಡುವೆ ಕತ್ತರಿ ಕೆಲಸ, ಬಲಕ್ಕೆ ಮಿಕ್ಸರು. ಅಲ್ಲಿಗೆ ಮೂರು ಪರದೆಯಾಯಿತು. ಕವಿತೆಗಿರುವುದು ಎರಡೇ ಚರಣ ಅನ್ನುವುದು ಬೇರೆ ಮಾತು.

ಮೂರನ್ನೂ ಹೊತ್ತಿಸಬಲ್ಲ ಗ್ರಾಫಿಕ್ಸ್ ಕಾರ್ಡು ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ.

"ಯಾವ ಗೇಮ್ ಆಡ್ತೀರಾ ಸಾರ್?"

"ಗೇಮ್ ಇಲ್ಲಪ್ಪ, ಹಾಡು ರೆಕಾರ್ಡಿಂಗು."

"ಹಾಡಿಗೆ ಗ್ರಾಫಿಕ್ಸ್ ಕಾರ್ಡ್ ಯಾಕೆ ಸಾರ್?"

ಆ ಬೀದಿಯಲ್ಲಿ ಅಂದು ನಾನು ಕೇಳಿದ ಅತ್ಯಂತ ಬುದ್ಧಿವಂತ ಮಾತು ಅದು. ಎಕೋ, ರಿವರ್ಬ್, ಶ್ರುತಿ ತಿದ್ದುವುದು ಇಂಥ ಹಾಡಿನ ಲೆಕ್ಕಾಚಾರವನ್ನೆಲ್ಲ ಸಾಮಾನ್ಯವಾಗಿ ಪ್ರೊಸೆಸರೇ ಮಾಡುತ್ತದೆ. ಗ್ರಾಫಿಕ್ಸ್ ಕಾರ್ಡಿನ ಪಾಲಿಗೆ ಬರುವುದು ಮೀಟರುಗಳ ಹಸಿರು ಗೆರೆ ಏರಿಸಿ ಇಳಿಸುವ ಕೆಲಸ ಮಾತ್ರ. ಇಷ್ಟು ಅರ್ಥವಾದ ಮೇಲೂ ಹುಡುಗ ಕೈಗಿತ್ತದ್ದು ಆರ್‌ಟಿಎಕ್ಸ್ 3060. 170 ವ್ಯಾಟ್, ಸಾಲಾಗಿ ಮೂರು ಫ್ಯಾನು. ಫ್ಯಾನಿಲ್ಲದ್ದು ಇದೆಯಾ ಅಂತ ಕೇಳಿದೆ. ಈರುಳ್ಳಿ ಬೆಳ್ಳುಳ್ಳಿ ಹಾಕದ ಬಿರಿಯಾನಿ ಕೇಳಿದವನನ್ನು ನೋಡುವ ಹಾಗೆ ನೋಡಿದ.

ಆದರೆ ನಮ್ಮ ಕಷ್ಟ ನಮಗೆ. ಕಂಡೆನ್ಸರ್ ಮೈಕಿಗೆ ದಾಕ್ಷಿಣ್ಯ ಗೊತ್ತಿಲ್ಲ. ಗಾಯಕಿ ಪಲ್ಲವಿ ಮುಗಿಸಿ ಉಸಿರು ಹಿಡಿದು ನಿಂತ ಆ ಎರಡು ಕ್ಷಣದಲ್ಲಿ ಫ್ಯಾನಿನ ಗುಂಯ್ ಅನ್ನುವ ಸದ್ದನ್ನು ಅದು ಭಕ್ತಿಯಿಂದ ಹಿಡಿದಿಡುತ್ತದೆ. ಹಾಗಂತ ಸಣ್ಣ ಕಾರ್ಡು ಕೊಂಡರೆ ನೆಮ್ಮದಿ ಅಂದುಕೊಳ್ಳಬೇಡಿ. ಸಣ್ಣ ಫ್ಯಾನು ಜೋರಾಗಿ ತಿರುಗಬೇಕು, ಹಾಗಾಗಿ ತಾರದಲ್ಲೇ ಹಾಡುತ್ತದೆ. ದೊಡ್ಡ ಗೇಮಿಂಗ್ ಕಾರ್ಡುಗಳಲ್ಲಿ ಅನೇಕವು ಕೆಲಸವಿಲ್ಲದಾಗ ಫ್ಯಾನನ್ನು ಪೂರ್ತಿ ನಿಲ್ಲಿಸಿಬಿಡುತ್ತವೆ. ನಮ್ಮ ಹಸಿರು ಗೆರೆ ಎಳೆಯುವುದು ಅವಕ್ಕೆ ಕೆಲಸವೇ ಅಲ್ಲವಾದ್ದರಿಂದ ದುಬಾರಿಯದೇ ಮೌನಿಯಾಗಿರಬೇಕು. ಇಲ್ಲೂ ಒಂದು ಕೊಕ್ಕೆ ಇದೆ. ರಿಫ್ರೆಶ್ ರೇಟ್ ಬೇರೆ ಬೇರೆ ಇರುವ ಹಳೆ ಹೊಸ ಪರದೆಗಳನ್ನು ಒಟ್ಟಿಗೆ ಸಿಕ್ಕಿಸಿದರೆ ಕೆಲವು ಕಾರ್ಡುಗಳ ಮೆಮೊರಿ ವೇಗ ಇಳಿಯುವುದೇ ಇಲ್ಲ. ಸುಮ್ಮನೆ ಕೂತಲ್ಲೇ ಬಿಸಿಯೇರಿ, ಸರಿಯಾಗಿ ಚರಣದ ಹೊತ್ತಿಗೆ ಫ್ಯಾನು ಎದ್ದು ಕೂರುತ್ತದೆ.

ಹಳೆಯ ಸ್ಟುಡಿಯೊ ಮಂದಿ ಇದನ್ನೆಲ್ಲ ಕೇಳಿ ನಿಟ್ಟುಸಿರು ಬಿಡುತ್ತಾರೆ. ಮ್ಯಾಟ್ರಾಕ್ಸ್ ಕಂಪನಿ 1999ರಲ್ಲಿ ಜಿ400 ತಂದು ಒಂದೇ ಕಾರ್ಡಿನಿಂದ ಎರಡು ಪರದೆ ನಡೆಸಿತು, 2002ರ ಪಾರ್ಹೀಲಿಯಾ ಮೂರನ್ನು ನಡೆಸಿತು. ಗೇಮಿನಲ್ಲಿ ಹಿಂದೆ ಬಿದ್ದರೂ ಅಕ್ಷರ ಮಾತ್ರ ಕೊರೆದಿಟ್ಟಂತೆ ಕಾಣುತ್ತಿತ್ತು ಅಂತ ಇವತ್ತಿಗೂ ಹೊಗಳುವವರಿದ್ದಾರೆ.

ನನ್ನ ಅಕ್ಕನ ಮಗನಿಗೆ ಈ ಇತಿಹಾಸ ಬೇಡ. "ಮಾಮ, ಸುಮ್ನೆ 3060ನೇ ತಗೊಳ್ಳಿ, ಮುಂದೆ ಬೇಕಾಗತ್ತೆ" ಅಂದ. ಯಾರಿಗೆ ಬೇಕಾಗುತ್ತದೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಭಾನುವಾರ ಬರುತ್ತೇನೆ ಅಂತ ಮಾತ್ರ ಸೇರಿಸಿದ.

ಫ್ಯಾನಿಗಿಂತ ಕಿಲಾಡಿ ಡ್ರೈವರು. 48 ಕಿಲೋಹರ್ಟ್ಸ್‌ನಲ್ಲಿ 64 ಸ್ಯಾಂಪಲ್ಲಿನ ಬಫರ್ ಇಟ್ಟರೆ ಕಂಪ್ಯೂಟರಿಗೆ ದನಿಯ ಒಂದು ತುಣುಕು ಮುಗಿಸಲು ಸಿಗುವ ಕಾಲ 1.33 ಮಿಲಿಸೆಕೆಂಡು. ಅಷ್ಟರಲ್ಲಿ ಗ್ರಾಫಿಕ್ಸ್ ಡ್ರೈವರು ನನ್ನದೊಂದು ಅರ್ಜೆಂಟ್ ಇದೆ ಅಂತ ಪ್ರೊಸೆಸರನ್ನು ತಡೆದು ನಿಲ್ಲಿಸಿದರೆ ಆಲಾಪದ ನಡುವೆ 'ಪಟ್'. ತಬಲದವರು ನನ್ನದಲ್ಲ ಅಂತ ಎರಡೂ ಕೈ ಮೇಲೆತ್ತಿಬಿಡುತ್ತಾರೆ. ಲೇಟೆನ್ಸಿಮಾನ್ ಅನ್ನುವ ಪುಕ್ಕಟೆ ತಂತ್ರಾಂಶ ಓಡಿಸಿದರೆ ಯಾವ ಡ್ರೈವರಿನ ಕೈವಾಡ ಅಂತ ತಿಳಿಯುತ್ತದೆ. ಅದರ ಮೇಲೆ ಎಚ್‌ಡಿಎಂಐ ಚೇಷ್ಟೆ ಬೇರೆ. ಆ ಕೇಬಲ್ಲು ಚಿತ್ರದ ಜೊತೆ ದನಿಯನ್ನೂ ಒಯ್ಯುವುದರಿಂದ, ಡ್ರೈವರು ಹೊಸದಾದ ಬೆಳಿಗ್ಗೆ ಹಾಡು ಸಾವಿರಾರು ರೂಪಾಯಿಯ ಸ್ಪೀಕರು ಬಿಟ್ಟು ಪರದೆಯ ಹಿಂದಿನ ಡಬ್ಬ ಸ್ಪೀಕರಿನಿಂದ ಬರುತ್ತಿರುತ್ತದೆ. ಸೌಂಡ್ ಸೆಟ್ಟಿಂಗಿನಲ್ಲಿ ಅದನ್ನು ನಿಷ್ಕ್ರಿಯ ಮಾಡಿಟ್ಟರೆ ಮುಗಿಯಿತು, ಮುಂದಿನ ಅಪ್‌ಡೇಟಿನವರೆಗೆ.

ಕೊನೆಗೆ ತಂದದ್ದು ಫ್ಯಾನಿಲ್ಲದ ಜಿಟಿ 1030. 2017ರ ಸರಕು, 30 ವ್ಯಾಟ್. ಇದಕ್ಕೆ ಸಾಮಾನ್ಯವಾಗಿ ಎರಡೇ ಪೋರ್ಟು. ಮೂರನೆಯ ಪರದೆಯನ್ನು ಮದರ್‌ಬೋರ್ಡಿನ ಹಿಂಬದಿಗೆ ಸಿಕ್ಕಿಸಿ, ಬಯಾಸಿನಲ್ಲಿ ಒಳಗಿನ ಗ್ರಾಫಿಕ್ಸನ್ನೂ ಚಾಲೂ ಇಟ್ಟೆ. ಈಗ ಕೋಣೆ ಎಷ್ಟು ನಿಶ್ಶಬ್ದವೆಂದರೆ, ಬೀದಿಗೆ ಬರುವ ಕಸದ ಗಾಡಿಯ ಹಾಡು ಒಂದಕ್ಷರವೂ ಬಿಡದೆ ರೆಕಾರ್ಡಾಗುತ್ತದೆ. ಅಕ್ಕನ ಮಗ ಭಾನುವಾರ ಬಂದು, ಕಾರ್ಡು ನೋಡಿ, ಕಾಫಿಯನ್ನೂ ಕುಡಿಯದೆ ಹೋದ.

ನೀವೂ ಕೊಳ್ಳಲು ಹೊರಟಿದ್ದರೆ ಅಂಗಡಿಯಲ್ಲಿ ಹಾಡಿನ ಸುದ್ದಿ ಎತ್ತಬೇಡಿ. ಪೋರ್ಟು ಎಷ್ಟು, ಫ್ಯಾನು ಇದೆಯೇ ಅಂತಷ್ಟೇ ಕೇಳಿ. ಅದಕ್ಕೂ ಮೊದಲು ಮದರ್‌ಬೋರ್ಡಿನ ಹಿಂಬದಿ ನೋಡಿ. ಇಂಟೆಲ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸು 2012ರಿಂದಲೇ ಮೂರು ಪರದೆ ನಡೆಸಬಲ್ಲದು. ಹೆಸರಿನ ಕೊನೆಗೆ 'ಎಫ್' ಇದ್ದರೆ ಮಾತ್ರ ಆ ಆಸೆ ಬಿಡಿ, ಅದರೊಳಗೆ ಗ್ರಾಫಿಕ್ಸೇ ಇರುವುದಿಲ್ಲ.