ಇದನ್ನ ಯಾರ್ ಬಿಚ್ಚ್ಯಾರ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಈ ಐದರಲ್ಲಿ ಯಾವ ಊರಿಗೆ ಇಳಿದರೂ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಒಬ್ಬ ಉಸ್ತಾದ ಇದ್ದೇ ಇರುತ್ತಾನೆ. ಅವನ ಅಂಗಡಿಗೆ ಬಾಗಿಲು ಇರುವುದಿಲ್ಲ, ಬೇವಿನ ಮರ ಇರುತ್ತದೆ. ಕೆಳಗಿನ ನೆಲ ಮಣ್ಣಿನದೋ ಫರಸಿಯದೋ ಹೇಳುವುದು ಕಷ್ಟ, ವರ್ಷಗಟ್ಟಲೆ ಆಯಿಲ್ ಕುಡಿದು ಅದು ಬೇರೆಯೇ ಏನೋ ಆಗಿದೆ. ನೀವು ಟಂಟಂ ನಿಲ್ಲಿಸಿ, "ಉಸ್ತಾದ್, ಆಯಿಲ್ ಸೋರ್ಲತ್ತದ ನೋಡ್ರಿ" ಅಂದರೆ ಅವನು ಗಾಡಿಯನ್ನು ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾನೆ. ಆಮೇಲೆ ಕುಂತಲ್ಲಿಂದಲೇ ಕೇಳುತ್ತಾನೆ: "ಇದನ್ನ ಯಾರ್ ಬಿಚ್ಚ್ಯಾರ?"

ಈ ಪ್ರಶ್ನೆಗೆ ಸರಿಯುತ್ತರ ಅಂತ ಇಲ್ಲ. "ಚಿತ್ತಾಪುರದಾಗ ಬಿಚ್ಚಿಸಿದ್ದೆ" ಅಂದಿರೋ, ಮುಂದಿನ ಹತ್ತು ನಿಮಿಷ ಅವನು ತಲೆ ಅಲ್ಲಾಡಿಸುವುದನ್ನು ನೀವು ನೋಡುತ್ತ ನಿಲ್ಲಬೇಕು. "ಯಾರೂ ಬಿಚ್ಚಿಲ್ರಿ" ಅಂದರೆ, "ಸುಳ್ಳ ಹೇಳಬ್ಯಾಡ್ರಿ, ಬೋಲ್ಟಿನ ಮಾರಿ ನೋಡ್ರಿ, ಛಿನ್ನಿ ಹಚ್ಚಿ ಹೊಡದಾರ" ಅನ್ನುತ್ತಾನೆ. ಧೈರ್ಯ ಮಾಡಿ, "ಹೋದ ತಿಂಗಳಾ ನೀವೇ ಬಿಚ್ಚಿದ್ರಲ್ಲ" ಅಂದರೂ ಅವನಿಗೆ ನಾಚಿಕೆಯಿಲ್ಲ. "ಅದಕ್ಕಾ ನೋಡ್ರಿ, ಇಷ್ಟು ದಿನ ನಡದದ!"

ಹೀಗೆ ಸೇಡಮ್ಮಿನ ಉಸ್ತಾದ ಚಿತ್ತಾಪುರದವನನ್ನು ಬೈಯುತ್ತಾನೆ, ಚಿತ್ತಾಪುರದವನು ವಾಡಿಯವನನ್ನು, ವಾಡಿಯವನು ಶಹಾಬಾದದವನನ್ನು. ಆಪಾದನೆ ರೈಲು ಹಳಿಯ ಗುಂಟ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಸಾಗುತ್ತದೆ. ಚಿಂಚೋಳಿಗೆ ರೈಲಿಲ್ಲ, ಅಲ್ಲಿಗೆ ಬಸ್ಸಿನಲ್ಲಿ ಹೋಗುತ್ತದೆ.

ಅವನ ಗುರುಪರಂಪರೆ ದೊಡ್ಡದು. ಕೇಳಿದರೆ ಎಲ್ಲರ ಗುರುವೂ ಶಹಾಬಾದದ ಎ.ವಿ.ಬಿ.ಯಲ್ಲಿ ಫಿಟ್ಟರ್ ಆಗಿದ್ದವನೇ. ಎಸಿಸಿ, ವಿಕರ್ಸ್, ಬಾಬ್‌ಕಾಕ್ ಸೇರಿ ಕಟ್ಟಿದ ಆ ಕಾರ್ಖಾನೆ ಬಾಯ್ಲರು, ಸಿಮೆಂಟ್ ಯಂತ್ರ ಮಾಡುತ್ತಿತ್ತು. ಅಲ್ಲಿ ಕಲಿತ ಕೈಗಳು ಸುತ್ತಲಿನ ಊರುಗಳಲ್ಲಿ ಹರಡಿಕೊಂಡಿದ್ದು ನಿಜ. ಆದರೆ ಈಗ ಎಲ್ಲ ಉಸ್ತಾದರೂ ತಮ್ಮ ಗುರುವನ್ನು ಅಲ್ಲಿ ನೌಕರಿಗೆ ಹಚ್ಚಿದ್ದಾರೆ. ಲೆಕ್ಕ ಹಿಡಿದರೆ ಕಾರ್ಖಾನೆಯಲ್ಲಿ ಯಂತ್ರಕ್ಕಿಂತ ಗುರುಗಳೇ ಹೆಚ್ಚಿದ್ದಿರಬೇಕು.

ಗಾಡಿ ಸೋರುವುದು ಒಂದು ಕಡೆ, ಅದರ ಸುತ್ತ ಮಂದಿ ಸೇರುವುದು ಇನ್ನೊಂದು ಕಡೆ. ಚಾ ಕುಡಿಯಲು ಬಂದವನು "ಹೆಡ್ ಪ್ಯಾಕಿಂಗ್ ಹೋಗ್ಯಾದ" ಅನ್ನುತ್ತಾನೆ. ತೊಗರಿ ಮಾರಿ ಊರಿಗೆ ಹೊರಟವನು "ರಿಂಗ್ ಬಿದ್ದಾವ, ಇಂಜಿನ್ ಇಳಸ್ರಿ" ಅನ್ನುತ್ತಾನೆ. ಇಳಿಸುವುದು ಅವನ ಇಂಜಿನ್ ಅಲ್ಲವಲ್ಲ. ರಿಟೈರಾದ ಮಾಸ್ತರರೊಬ್ಬರು ಇಂದಿನ ಆಯಿಲ್ಲೇ ಕಲಬೆರಕೆ ಎಂಬಲ್ಲಿಂದ ಶುರು ಮಾಡಿ ಮನುಷ್ಯರೂ ಕಲಬೆರಕೆ ಎಂಬಲ್ಲಿಗೆ ಮುಟ್ಟಿಸುತ್ತಾರೆ. ಉಸ್ತಾದ ಇದನ್ನೆಲ್ಲ ತಡೆಯುವುದಿಲ್ಲ. ಮಂದಿ ಮಾತಾಡಿದಷ್ಟೂ ಗಿರಾಕಿಯ ಎದೆ ಕುಸಿಯುತ್ತದೆ, ಎದೆ ಕುಸಿದಷ್ಟೂ ಕೂಲಿ ಏರುತ್ತದೆ ಎಂದು ಅವನಿಗೆ ಗೊತ್ತು.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಒಪ್ಪಲೇಬೇಕು. ಇಷ್ಟು ನಾಟಕ ಮುಗಿಸಿ ಕೈ ಹಾಕಿದನೆಂದರೆ ಉಸ್ತಾದನಿಗೆ ಸರಿಸಾಟಿಯಿಲ್ಲ. ಮೊದಲು ಹನಿಯೊಂದನ್ನು ಬೆರಳಿಗೆ ತಗೊಂಡು ಉಜ್ಜುತ್ತಾನೆ, ಮೂಸುತ್ತಾನೆ. ಗಂಧಕದ ಗಬ್ಬು ಬಂದರೆ ಗೇರ್ ಆಯಿಲ್, ಕರ‍್ರಗೆ ಸುಟ್ಟ ವಾಸನೆ ಬಂದರೆ ಇಂಜಿನ್ನಿಂದು, ತೆಳ್ಳಗಿದ್ದು ಬೆರಳ ಮೇಲೆ ಓಡಿದರೆ ಅದು ಆಯಿಲ್ಲೇ ಅಲ್ಲ, ಡೀಸೆಲ್. ಆಮೇಲೆ ಮಂದಿಯ ಎದುರು ಡಿಪ್‌ಸ್ಟಿಕ್ ಎಳೆದು ನೋಡುತ್ತಾನೆ. ಎಷ್ಟೋ ಸಲ ರೋಗವೆಲ್ಲ ಅಲ್ಲೇ: ಮಾಲೀಕ ಪ್ರೀತಿ ಹೆಚ್ಚಾಗಿ ಗೆರೆ ದಾಟಿ ಆಯಿಲ್ ಸುರಿದಿರುತ್ತಾನೆ, ಇಂಜಿನ್ ಹೆಚ್ಚಾದದ್ದನ್ನು ಉಗುಳಿರುತ್ತದೆ.

ಗೆರೆ ಸರಿಯಿದ್ದರೆ ಕೈಕೆಳಗಿನ ಹುಡುಗ ಛೋಟೂನನ್ನು ಕೂಗಿ ಇಂಜಿನ್ನನ್ನು ಡೀಸೆಲ್ಲಿನಿಂದ ತೊಳೆಸಿ ಒರೆಸುತ್ತಾನೆ. ಆಯಿಲ್ ಕಂಡ ಜಾಗದಲ್ಲಿ ಹುಟ್ಟಿರುವುದಿಲ್ಲ ಎಂಬ ಶಾಸ್ತ್ರ ಅವನಿಗೆ ಬಾಯಿಪಾಠ. ಟ್ಯಾಪೆಟ್ ಕವರಿನಲ್ಲಿ ಸೋರಿದ್ದು ಇಳಿದಿಳಿದು ಚೇಂಬರಿನ ಕೆಳಗೆ ಹನಿಯಾಗುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಬಳಿಯುತ್ತದೆ, ಮಾಲೀಕ ಡ್ರೈನ್ ಬೋಲ್ಟಿನ ಮೇಲೆ ಸಿಟ್ಟಾಗಿ ಅದನ್ನು ತಿರುವಿ ತಿರುವಿ ಅಲ್ಯೂಮಿನಿಯಂ ಚೂಡಿಯನ್ನೇ ತಿಂದುಹಾಕುತ್ತಾನೆ. ಅದಕ್ಕೇ ಉಸ್ತಾದ ಒರೆಸಿದ ಮೇಲೆ ಶಹಾಬಾದ ಫರಸಿ ಪಾಲಿಶ್ ಮಾಡಿದಾಗ ಉಳಿಯುವ ಬಿಳಿ ಪುಡಿಯನ್ನು ಒಣಗಿಸಿ ಜರಡಿ ಹಿಡಿದಿಟ್ಟದ್ದನ್ನು ಇಂಜಿನ್ನಿನ ತುಂಬ ಉದುರಿಸಿ, ಸ್ಟಾರ್ಟ್ ಮಾಡಿ, ಸುಮ್ಮನೆ ಕುಂತುಬಿಡುತ್ತಾನೆ. ಬೇರೆ ಊರಿನವರು ಮುಖಕ್ಕೆ ಹಚ್ಚುವ ಪೌಡರು ಹಾಕುತ್ತಾರಂತೆ; ಇಲ್ಲಿ ಆ ಖರ್ಚಿಲ್ಲ. ವಾಡಿಯಲ್ಲಂತೂ ಉದುರಿಸುವ ಕೆಲಸವೂ ಇಲ್ಲ, ಗಾಡಿಯನ್ನು ಬಯಲಲ್ಲಿ ಬಿಟ್ಟರೆ ಸಾಕು, ಸಿಮೆಂಟಿನ ಧೂಳೇ ಬಂದು ಕೂರುತ್ತದೆ. ಐದು ನಿಮಿಷಕ್ಕೆ ಬಿಳಿಯ ಮೇಲೆ ಒಂದು ಕಪ್ಪು ಗೆರೆ ಮೂಡುತ್ತದೆ. ಗೆರೆಯ ಮೇಲಿನ ತುದಿಯೇ ಕಳ್ಳ.

ಎರಡು ಮೂರು ಕಡೆ ಒಟ್ಟಿಗೆ ಗೆರೆ ಮೂಡಿದರೆ ಅವನು ಸೀಲುಗಳ ಸುದ್ದಿಗೇ ಹೋಗುವುದಿಲ್ಲ. ಬ್ರೀದರ್ ಪೈಪ್ ಬಿಚ್ಚಿ ಊದುತ್ತಾನೆ. ಅದು ಕಟ್ಟಿಕೊಂಡರೆ ಕ್ರ್ಯಾಂಕ್ ಕೇಸಿನ ಒತ್ತಡಕ್ಕೆ ಬೇರೆ ದಾರಿಯಿಲ್ಲ, ಸಿಕ್ಕ ಸೀಲಿನಿಂದ ಆಯಿಲ್ಲನ್ನು ನೂಕುತ್ತದೆ. ಆಗ ಎಷ್ಟು ಹೊಸ ಸೀಲು ಹಾಕಿದರೂ ದಂಡ. ಪೈಪಿನಿಂದ ಕಾಗಿಣಾ ನದಿ ದಂಡೆಯ ಕರಿಮಣ್ಣು ಉದುರುತ್ತದೆ. ರಿಪೇರಿ ಆಯಿತು. ಆದರೆ ಪೈಪ್ ಊದಿದ್ದಕ್ಕೆ ಯಾರು ದುಡ್ಡು ಕೊಡುತ್ತಾರೆ? ಹೀಗಾಗಿ ನಾಲ್ಕು ಬೋಲ್ಟು ಬಿಚ್ಚಿ ಅವನ್ನೇ ಮತ್ತೆ ಬಿಗಿದು, ಹಣೆಯ ಬೆವರು ಒರೆಸಿಕೊಂಡು, "ಭಾಳ ಒಳಗಿತ್ರಿ" ಅನ್ನುತ್ತಾನೆ.

ನಿಜವಾಗಿ ಸೀಲೇ ಹೋಗಿದ್ದರೆ ಅದು ಹೈದರಾಬಾದಿನಿಂದ ಬರಬೇಕು. ಇಂದಿನ ರೈಲಿಗೆ ಬರುವುದಿಲ್ಲ, ನಾಳಿನದಕ್ಕೆ ಬರಬಹುದು. ಸಿಕಂದರಾಬಾದ್–ವಾಡಿ ಹಳಿ ನಿಜಾಮರ ಕಾಲದ್ದು, 1874ರಲ್ಲಿ ಶುರುವಾದದ್ದು. ಅಂದಿನಿಂದ ಉಸ್ತಾದನ ಸೀಲು ತಾಂಡೂರಿನಲ್ಲಿ ಕ್ರಾಸಿಂಗಿಗೆ ನಿಂತೇ ಇದೆ. ನಾಳೆ, ನಾಡಿದ್ದು ಎಂದು ನೀವು ಸುತ್ತಿ ಸುತ್ತಿ ಸೋತ ದಿನ ಅವನು ಅಲ್ಲೇ ಬಾಜೂ ಅಂಗಡಿಯಿಂದ ಒಂದು ಸೀಲು ತರಿಸುತ್ತಾನೆ. ತಾಮ್ರದ ವಾಷರನ್ನು ಮಾತ್ರ ಹೊಸದು ತರುವುದಿಲ್ಲ. ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕುತ್ತಾನೆ, ಬಿರುಸಾದ ತಾಮ್ರ ಮೆತ್ತಗಾಗಿ ಮತ್ತೆ ಬಿಗಿಯಾಗಿ ಕೂರುತ್ತದೆ. ಬಿಲ್ಲಿನಲ್ಲಿ ಅದು ಹೊಸದೇ.

ಇಂಥ ಒಬ್ಬ ಸೇಡಮ್ಮಿನ ಉಸ್ತಾದನ ಎದುರಿಗೆ ಒಂದು ದಿನ ದೋಣಿಯ ಮೋಟರು ಬಂದು ಇಳಿಯಿತು.

ಬಿಸಿಲಿನ ಈ ಸೀಮೆಯಲ್ಲಿ ಮೋಟರ್ ದೋಣಿಯನ್ನು ಮಂದಿ ಕಣ್ಣರಳಿಸಿ ನೋಡಿದ್ದು 2020ರ ಅಕ್ಟೋಬರದಲ್ಲಿ. ಆಗ ಭೀಮಾ, ಕಾಗಿಣಾ ಎರಡೂ ಉಕ್ಕಿ, ಮಳಖೇಡದ ಮನೆಗಳಿಗೆ ನೀರು ನುಗ್ಗಿ, ರಕ್ಷಣೆಯವರು ರಬ್ಬರ್ ದೋಣಿ ಹಿಡಿದುಕೊಂಡು ಜಿಲ್ಲೆಗೆ ಬಂದಿದ್ದರು. ಈಗ ಬಂದದ್ದು ಅದಲ್ಲ. ಚಿಂಚೋಳಿ ಕಡೆಯ ಮೀನಿನ ಗುತ್ತಿಗೆಯ ಸಾವಕಾರರೊಬ್ಬರು ಎಲ್ಲಿಂದಲೋ ಸೆಕೆಂಡ್‌ಹ್ಯಾಂಡ್ ತಂದ ಫೋರ್‌ಸ್ಟ್ರೋಕ್ ಮೋಟರು. ಟಂಟಂನ ಹಿಂದಿನ ಸೀಟಿನಡಿ ಅಡ್ಡ ಮಲಗಿಸಿಕೊಂಡು ಬಂದಿದ್ದರು, ಆಯಿಲ್ ದಾರಿಯುದ್ದಕ್ಕೂ ಸೋರಿತ್ತು.

ಉಸ್ತಾದ ವಾಡಿಕೆಯಂತೆ ಬಾಯಿ ತೆರೆದ. "ಇದನ್ನ ಯಾರ್…" ಅಲ್ಲಿಗೇ ಮಾತು ನಿಂತಿತು. ಯಾರು ಬಿಚ್ಚಿಯಾರು? ವಾಡಿಯವನನ್ನು ಬೈಯುವಂತಿಲ್ಲ, ಶಹಾಬಾದದವನನ್ನು ಬೈಯುವಂತಿಲ್ಲ. ಐದೂರಲ್ಲಿ ಯಾರೂ ಕೈ ಹಚ್ಚದ ಯಂತ್ರದ ಎದುರು ಅವನು ಮೊದಲ ಸಲ ಒಬ್ಬಂಟಿಯಾದ. ಮಂದಿಯೂ ಸುಮ್ಮನಾಯಿತು. ರಿಟೈರಾದ ಮಾಸ್ತರರು ಮಾತ್ರ ಆಯಿಲ್ ಕಲಬೆರಕೆ ಅಂದರು.

ಆದರೂ ಶಾಸ್ತ್ರ ಬಿಡಲಿಲ್ಲ. ಮೋಟರನ್ನು ನೆಟ್ಟಗೆ ನಿಲ್ಲಿಸಿ ಒರೆಸಿದ, ಆಯಿಲ್ ಗೆರೆಗೆ ತಂದ, ಪುಡಿ ಉದುರಿಸಿದ. ಈ ಮೋಟರು ನೀರು ಎಳೆದು ತಂಪಾಗುವಂಥದ್ದು, ನೀರಿಲ್ಲದೆ ಓಡಿಸಿದರೆ ಸುಟ್ಟುಹೋಗುತ್ತದೆ ಎಂದು ಸಾವಕಾರರು ಹೇಳಿದ್ದಕ್ಕೆ, ಡ್ರಮ್ಮಿನಲ್ಲಿ ನೀರು ತುಂಬಿಸಿ ಅದರ ಕಾಲು ಮುಳುಗಿಸಿ ಸ್ಟಾರ್ಟ್ ಮಾಡಿದ. ಅರ್ಧ ತಾಸಾದರೂ ಒಂದು ಗೆರೆ ಮೂಡಲಿಲ್ಲ. ಉಸ್ತಾದ ಬೆವತ. ಸೋರದ ಸೋರಿಕೆಗೆ ಏನಂತ ಬಿಲ್ ಬರೆಯುವುದು? ಆಗ ಛೋಟೂ ಮೋಟರಿನ ಬದಿಯಲ್ಲಿದ್ದ ಒಂದು ಚಿತ್ರಕ್ಕೆ ಬೆರಳು ಹಚ್ಚಿದ. ಮೋಟರು ಒಂದು ಮಗ್ಗುಲಿಗೆ ಮಲಗಿದೆ, ಸರಿ ಗುರುತು. ಇನ್ನೊಂದು ಮಗ್ಗುಲಿಗೆ ಮಲಗಿದೆ, ಅಡ್ಡ ಗೀಟು. "ಉಸ್ತಾದ್, ಇವ್ರು ಉಲ್ಟಾ ಮಲಗಿಸ್ಯಾರ." ಉಸ್ತಾದ ಅವನ ತಲೆಗೊಂದು ಕೊಟ್ಟು, ಅದೇ ಮಾತನ್ನು ತನ್ನದಾಗಿ ಸಾವಕಾರರಿಗೆ ಹೇಳಿದ.

ಅಲ್ಲಿಗೆ ಬಿಟ್ಟಿದ್ದರೆ ಐವತ್ತು ರೂಪಾಯಿಯ ಕೆಲಸ. ಆದರೆ ಅವನ ಕೈ ಸುಮ್ಮನಿರದು. ಪಂಖ ಕೂತ ಗೇರ್ ಡಬ್ಬಿಯ ಕೆಳಗಿನ ಪೇಚು ಸಡಿಲಿಸಿದ. ಇಳಿದ ಆಯಿಲ್ ಹಾಲು ಹೆಚ್ಚಾದ ಚಾದ ಬಣ್ಣಕ್ಕಿತ್ತು. ಅಂದರೆ ಒಳಗೆ ನೀರು ಸೇರಿದೆ. ಹೀಗೇ ಓಡಿಸಿದರೆ ಗೇರು, ಬೇರಿಂಗು ಎರಡೂ ತುಕ್ಕು. ಪಂಖ ಬಿಚ್ಚಿದ. ಅದರ ಹಿಂದೆ ಶಾಫ್ಟಿಗೆ ಮೀನು ಬಲೆಯ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡು ಸೀಲಿನ ತುಟಿಯನ್ನು ಕೊಯ್ದಿತ್ತು. ಉಸ್ತಾದನ ಮುಖದಲ್ಲಿ ಹೋದ ಜೀವ ಬಂತು. ದಾರವನ್ನು ಮೇಲೆತ್ತಿ ಮಂದಿಗೆ ತೋರಿಸುತ್ತ, "ಇದನ್ನ ಯಾರ್ ಕಟ್ಟ್ಯಾರ?" ಅಂದ. ಸಾವಕಾರರು ತಲೆ ತಗ್ಗಿಸಿದರು.

ಸೀಲಿನ ಬೆನ್ನ ಮೇಲೆ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ ಅಚ್ಚಾಗಿರುತ್ತವೆ. ಅದೇ ಅಂಕಿಯ ಸೀಲು ಅವನ ಡಬ್ಬದಲ್ಲೇ ಇತ್ತು. ಸಾವಕಾರರಿಗೆ ಮಾತ್ರ ಹೈದರಾಬಾದಿನಿಂದ ಬರಬೇಕು ಅಂದ. ಮೂರನೆಯ ದಿನ ಸೀಲು ಕೂರಿಸಿ, ಹೊಸ ಗೇರ್ ಆಯಿಲ್ಲನ್ನು ಮೇಲಿನಿಂದ ಸುರಿಯದೆ ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಲ್ಲಿ ಗಾಳಿ ಹೋಗಿ ಆಯಿಲ್ ಇಣುಕುವ ತನಕ ಏರಿಸಿದ. ಇದನ್ನು ಅವನಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಎ.ವಿ.ಬಿ.ಯ ಗುರು ಅನ್ನುತ್ತಾನೆ.

ಈಗ ಅವನ ಬೋರ್ಡಿಗೆ ಹೊಸ ಬಣ್ಣ ಬಿದ್ದಿದೆ: "ಇಲ್ಲಿ ಟಂಟಂ, ಟ್ರ್ಯಾಕ್ಟರ್, ಪಂಪ್‌ಸೆಟ್ ಹಾಗೂ ಜಹಾಜ ರಿಪೇರಿ ಮಾಡಲಾಗುವುದು." ಮೇ ತಿಂಗಳ ಒಂದು ಮಧ್ಯಾಹ್ನ, ಕಾಗಿಣಾದ ಹರಿವು ಮೊಣಕಾಲಿಗೂ ಬಾರದ ಹೊತ್ತಿನಲ್ಲಿ, ಯಾರೋ ಕೇಳಿದರು: "ಸೇಡಮ್ಮಿಗೆ ಜಹಾಜ ಯಾವ ದಾರಿಲಿಂದ ಬರ್ತಾವ್ರಿ ಉಸ್ತಾದ್?"

"ಮಳಖೇಡ ಪುಲ್ ಮ್ಯಾಲಿಂದ," ಅಂದ ಉಸ್ತಾದ, ಪಾನಾ ಒರೆಸುತ್ತ. "ಮಳಿಗಾಲ ಬರ್ಲಿ ತಡೀರಿ."