ನೇಪಥ್ಯ-ತಿಂಡಿ ಮೀಮಾಂಸೆ

ವಿಷಯ: ನಾಟಕಮಂದಿರದ ಹಿಂಬದಿ ನೋಡಿ, ತಿಂಡಿ ತಿಂದು, ಕಾಫಿ ಕುಡಿಯುವುದು. ಅಧಿಕಾರಿ: ಬಸವನಗುಡಿ, ಮಲ್ಲೇಶ್ವರ ಅಥವಾ ಚಾಮರಾಜಪೇಟೆಯ ನಿವಾಸಿ, ನಿವೃತ್ತನಾಗಿದ್ದರೆ ಉತ್ತಮಾಧಿಕಾರಿ. ಪ್ರಯೋಜನ: ಒಂದು ಮಧ್ಯಾಹ್ನ ಕಳೆಯುವುದು. ಸಂಬಂಧ: ನೇಪಥ್ಯಕ್ಕೂ ತಿಂಡಿಗೂ ಏನು ಸಂಬಂಧ ಎಂಬುದೇ ಈ ಗ್ರಂಥದ ತಲೆನೋವು.

ಪೂರ್ವಪಕ್ಷದವರು ಹೀಗೆನ್ನುತ್ತಾರೆ: ಲಂಡನ್ನಿನಲ್ಲಿ ದುಡ್ಡು ಕೊಟ್ಟರೆ ಹಳೆಯ ನಾಟಕಮಂದಿರದ ಹಗ್ಗ, ರಾಟೆ, ಬಣ್ಣದ ಕೋಣೆಗಳನ್ನೆಲ್ಲ ತೋರಿಸಿ, ಅಂತಸ್ತಿನ ತಟ್ಟೆಯಲ್ಲಿ ಕೇಕು, ಸ್ಯಾಂಡ್‌ವಿಚ್ಚು, ಚಹಾ ಕೊಡುತ್ತಾರೆ; ನಮ್ಮೂರಲ್ಲಿ ಅಂಥದ್ದೊಂದಿಲ್ಲ. ಇದು ವಿಚಾರ ಮಾಡದೆ ಆಡಿದ ಮಾತು. ಮಧ್ಯಾಹ್ನದ ಚಹಾ ಶುರುವಾದದ್ದು 1840ರ ಸುಮಾರಿಗೆ, ಬೆಡ್‌ಫರ್ಡಿನ ಡಚೆಸ್ ಅನ್ನಾ ಎಂಬಾಕೆಗೆ ಹಸಿವಾದಾಗ ಎಂದು ಇಂಗ್ಲಿಷರೇ ಹೇಳಿಕೊಳ್ಳುತ್ತಾರೆ. ನಾಲ್ಕು ಗಂಟೆಗೆ ಹೊಟ್ಟೆ ಹಸಿಯುತ್ತದೆಂದು ತಿಳಿಯಲು ಅಷ್ಟು ಶತಮಾನ ತೆಗೆದುಕೊಂಡವರನ್ನು ಈ ವಿಷಯದಲ್ಲಿ ಪ್ರಮಾಣವೆಂದು ಒಪ್ಪಲಾಗದು.

ನೇಪಥ್ಯದ ಅಳತೆಗೆ ಭರತನೇ ಪ್ರಮಾಣ. ಮಧ್ಯಮ ಗಾತ್ರದ ನಾಟ್ಯಗೃಹಕ್ಕೆ ಅವನು 64 ಹಸ್ತ ಉದ್ದ, 32 ಹಸ್ತ ಅಗಲ ಹೇಳಿ, ಮುಂದಿನ ಅರ್ಧ ಪ್ರೇಕ್ಷಕರಿಗೆ ಬಿಟ್ಟು, ಹಿಂದಿನ ಅರ್ಧವನ್ನು ಮತ್ತೆ ಎರಡು ಮಾಡಿ ಕಟ್ಟಕಡೆಯ ಪಾಲನ್ನು ನೇಪಥ್ಯಕ್ಕೆ ಕೊಟ್ಟ. ಅಂದರೆ ಕಾಲು ಭಾಗ. ಕ್ಯಾಂಟೀನಿಗೆ ಎಷ್ಟು ಹಸ್ತ ಎಂಬಲ್ಲಿ ಮಾತ್ರ ಮುನಿ ಮೌನ. ಮುಂದಿನ ನಾಟಕಕಾರರು ವಿದೂಷಕನಿಗೆ ಮೋದಕದ ಚಪಲ ಅಂಟಿಸಿದ್ದು ಈ ಲೋಪಕ್ಕೆ ಪ್ರತಿಭಟನೆಯೆಂದೇ ನಮ್ಮ ಮತ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದಲ್ಲಿ ನೇಪಥ್ಯ ಎಷ್ಟನೇ ತಂತಿಯ ಕೆಳಗೆ ಬರಬೇಕೆಂಬುದನ್ನೂ ಅವನು ಹೇಳಿಲ್ಲ. ಅದಕ್ಕೆ ಅವನನ್ನು ದೂರುವಂತಿಲ್ಲ.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆ ಕಾಲದಲ್ಲಿ ನೇಪಥ್ಯದರ್ಶನವೆಂದರೆ ಲಾಯದರ್ಶನ, ತಿಂಡಿಯೆಂದರೆ ಹುರುಳಿ. ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರದ ಹೊತ್ತಿಗೆ ಆನೆ ಹೋಗಿ ಹವ್ಯಾಸಿಗಳು ಬಂದರು. ಕಟ್ಟಡದ ಹಿಂದಿನ ಕ್ಯಾಂಟೀನಿನಲ್ಲಿ, ಸಂಸ ಬಯಲು ರಂಗಮಂದಿರದ ಕಟ್ಟೆಯ ಮೇಲೆ, ಪಾತ್ರ ಹಂಚುವುದು, ಮುನಿಸಿಕೊಳ್ಳುವುದು, ತಂಡ ಒಡೆದು ಎರಡಾಗುವುದು ಎಲ್ಲವೂ ಬೈಟು ಕಾಫಿಯ ಸಾಕ್ಷಿಯಲ್ಲೇ ನಡೆದವು. ಲೋಟ ಮೊದಲೇ ಎರಡಾಗಿರುತ್ತದೆ, ತಂಡಕ್ಕೆ ಅದೇ ಮಾದರಿ.

ಇನ್ನು ಬಣ್ಣದ ಕೋಣೆ. ಕನ್ನಡಿಯ ಸುತ್ತ ಬಲ್ಬುಗಳು, ಅವುಗಳಲ್ಲಿ ಕೆಲವು ಹೋದವು. ಮೂಗಿಗೆ ಅಡರುವ ಸ್ಪಿರಿಟ್ ಗಮ್ಮಿನ ವಾಸನೆ. ದುರ್ಯೋಧನ ಪಂಚೆಯ ಮೇಲೆ ಬನಿಯನ್ ಹಾಕಿ ಕೂತಿದ್ದಾನೆ. ಮೀಸೆ ಆಗತಾನೆ ಅಂಟಿದೆ, ಕಿರೀಟಕ್ಕೆ ಇನ್ನೂ ಹೊತ್ತಿದೆ, ಕಾಫಿ ಬಂದಿದೆ. ಕಚ್ಚಿ ಕುಡಿದರೆ ಹಬೆಗೆ ಮೀಸೆ ಸಡಿಲಾಗುತ್ತದೆ. ಆದ್ದರಿಂದ ಕೌರವೇಂದ್ರ ಕತ್ತು ಹಿಂದಕ್ಕೆ ಚಾಚಿ, ಲೋಟ ಗೇಣೆತ್ತರ ಎತ್ತಿ, ಒಂದು ಹನಿಯೂ ಚೆಲ್ಲದಂತೆ ಸುರಿದುಕೊಳ್ಳುತ್ತಾನೆ. ಎತ್ತಿ ಕುಡಿಯುವ ಪದ್ಧತಿ ಮಡಿಯಿಂದ ಬಂತೆಂದು ಸ್ಮಾರ್ತರು ವಾದಿಸುತ್ತಾರೆ. ಮೀಸೆಯಿಂದ ಬಂತೆಂಬುದು ಸಿದ್ಧಾಂತ. ಗದಾಯುದ್ಧಕ್ಕಿಂತ ಈ ದೃಶ್ಯಕ್ಕೇ ಹೆಚ್ಚು ತಾಲೀಮು ಬೇಕು, ಆದರೆ ಇದಕ್ಕೆ ಟಿಕೆಟ್ ಇಲ್ಲ.

ಆಕ್ಷೇಪ: ಇದು ಸಂಜೆ ಆರರ ಮಾತಾಯಿತು, ಅಪರಾಹ್ನದ ಗತಿಯೇನು? ಸರಿ. ದುರ್ಯೋಧನ ಬ್ಯಾಂಕಿನಲ್ಲಿ, ದ್ರೌಪದಿ ಹೈಸ್ಕೂಲಿನಲ್ಲಿ. ಮಧ್ಯಾಹ್ನ ಮೂರಕ್ಕೆ ಗ್ರೀನ್ ರೂಮಿನಲ್ಲಿ ನೋಡಲು ಸಿಗುವುದು ಬೀಗ. ಬೀಗದ ಕೈ ಒಬ್ಬನ ಬಳಿ, ಅವನು ಊಟಕ್ಕೆ ಹೋಗಿದ್ದಾನೆ. ಹೀಗಾಗಿ ಲಂಡನ್ನಿನ ಕ್ರಮ ಇಲ್ಲಿ ತಿರುಗಿ ನಿಲ್ಲುತ್ತದೆ: ಮೊದಲು ತಿಂಡಿ, ಆಮೇಲೆ ನೇಪಥ್ಯ.

ತಿಂಡಿಗೆ ಹೊರಟವನಿಗೆ ಈ ಊರು ಒಂದು ಕಾಲದಲ್ಲಿ ನೇಪಥ್ಯವನ್ನೂ ಜೊತೆಗೇ ಕೊಟ್ಟಿತ್ತೆಂಬುದು ನಮ್ಮ ಮುಖ್ಯ ಶೋಧ. 1924ರಲ್ಲಿ ಹುಟ್ಟಿದ ಬ್ರಾಹ್ಮಿನ್ ಕಾಫಿ ಕ್ಲಬ್ 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದು ಎಂಟಿಆರ್ ಆಯಿತು. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ, ಅಲ್ಲಿಯ ಹೋಟೆಲುಗಳ ಚೊಕ್ಕಟತನ ನೋಡಿ ಬಂದವರು. ಗಿರಾಕಿಗಳು ಅಡುಗೆಮನೆ ಹಾದೇ ಊಟದ ಹಾಲಿಗೆ ಹೋಗುವ ಏರ್ಪಾಡು ಎಂಟಿಆರ್‌ನಲ್ಲಿತ್ತು. ಒಲೆ, ಕಾವಲಿ, ಹಿಟ್ಟಿನ ಪಾತ್ರೆ, ಬೆವರೊರೆಸಿಕೊಳ್ಳುವ ಭಟ್ಟರು, ಇಡೀ ತೆರೆಮರೆ ಕಣ್ಣೆದುರು, ಅದೂ ಟಿಕೆಟ್ಟಿಲ್ಲದೆ. ಯುರೋಪಿನವರು ನಾಟಕದ ಹಿಂಬದಿ ತೋರಿಸಿ ಚಹಾ ಕೊಟ್ಟರೆ ನಮ್ಮವರು ರವೆ ಇಡ್ಲಿಯ ಹಿಂಬದಿ ತೋರಿಸಿ ರವೆ ಇಡ್ಲಿಯನ್ನೇ ಕೊಟ್ಟರು. ಯಾವುದು ಹೆಚ್ಚು ಪ್ರಾಮಾಣಿಕವೆಂಬುದನ್ನು ಓದುಗರಿಗೆ ಬಿಟ್ಟಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಭುಜದವರೆಗೂ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಮಾಣಿಯ ರಂಗಪ್ರವೇಶ ಪ್ರತ್ಯೇಕ ಅಧ್ಯಾಯಕ್ಕೆ ಯೋಗ್ಯ. ಶುಕ್ರವಾರ ರಜೆಯಾದ್ದರಿಂದ ಇಲ್ಲಿ ಕೈಬಿಟ್ಟಿದೆ.

ಪ್ರಯೋಗವಿಧಿ: ತಿಂಡಿ ಮುಗಿಸಿ ಐದಕ್ಕೆ ಜೆ.ಸಿ. ರಸ್ತೆಯ ಕಲಾಕ್ಷೇತ್ರ ಸೇರಬೇಕು. ಹಿಂಬಾಗಿಲಿನಿಂದ ಒಳಗೆ ಕಾಲಿಟ್ಟವನನ್ನು ಯಾರೂ ‘ನೀವ್ಯಾರು’ ಎಂದು ಕೇಳುವುದಿಲ್ಲ. ‘ಸಾರ್, ಒಂಚೂರು ಆ ತುದಿ ಹಿಡ್ಕೊಳ್ಳಿ’ ಎನ್ನುತ್ತಾರೆ. ಸಿಂಹಾಸನ ಹೊತ್ತಾದ ಮೇಲೆ ಮರ, ಮರವಾದ ಮೇಲೆ ಏಣಿ. ನಾಟಕ ಮುಗಿದು ವಂದನಾರ್ಪಣೆಯಲ್ಲಿ ಬೆಳಕು, ಪ್ರಸಾಧನ, ರಂಗಸಜ್ಜಿಕೆಯವರ ಹೆಸರುಗಳ ಬಾಲಕ್ಕೆ ಅವನ ಹೆಸರೂ, ತಪ್ಪಾಗಿ, ಸೇರುತ್ತದೆ. ಕೇಳಿಸಿಕೊಳ್ಳಬೇಕಾದವರು ಅಷ್ಟರಲ್ಲಿ ಸ್ಕೂಟರ್ ಸ್ಟ್ಯಾಂಡಿನಲ್ಲಿ ಚೀಟಿ ಹುಡುಕುತ್ತಿರುತ್ತಾರೆ.