ಮಂಗಳನಲ್ಲಿ ಸೈಟೋ, ಬಯಲಲ್ಲಿ ಫ್ಲ್ಯಾಟೋ?

ಸಾಯುವುದರೊಳಗೆ ತನ್ನ ಹೆಸರಿನಲ್ಲೊಂದು ಸೈಟು ಆಗಬೇಕು ಎಂಬುದು ಮಧ್ಯಮ ವರ್ಗದ ಕನ್ನಡಿಗನ ಪರಮ ಪುರುಷಾರ್ಥ. ನನಗಿನ್ನೂ ಆಗಿಲ್ಲ. ಮೂವತ್ತು ನಲವತ್ತರ ಸೈಟಿಗೆ ಅಡ್ವಾನ್ಸ್ ಕೊಡಲಾಗದವನು ಗ್ರಹಗಳ ಜಾಗದ ಬಗ್ಗೆ ಚಿಂತಿಸಿದರೆ ಯಾವ ಬ್ಯಾಂಕೂ ಆಕ್ಷೇಪಿಸುವುದಿಲ್ಲವಾದ್ದರಿಂದ ಸದ್ಯಕ್ಕೆ ಅದೇ ನನ್ನ ವ್ಯವಹಾರ. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಮಾವನವರದು ಮಣ್ಣಿನ ಪಕ್ಷ, ನನ್ನದು ಬಯಲಿನ ಪಕ್ಷ. ಹೆಂಡತಿ ಯಾವ ಪಕ್ಷಕ್ಕೂ ಸೇರಿಲ್ಲ; ಖಜಾನೆ ಮಾತ್ರ ಅವಳ ಹತ್ತಿರವಿದೆ.

ಇಲಾನ್ ಮಸ್ಕ್ ಮಂಗಳನಲ್ಲಿ ಹತ್ತು ಲಕ್ಷ ಜನರ ಊರು ಕಟ್ಟುವ ಮಾತಾಡಿದ್ದನ್ನು ಪೇಪರಿನಲ್ಲಿ ಓದಿದಾಗಿನಿಂದ ಮಾವನವರಿಗೆ, ನನ್ನ ಮೇಲೆ ಎಂದೂ ಹುಟ್ಟದ ಗೌರವ ಆತನ ಮೇಲೆ ಹುಟ್ಟಿದೆ. "ಅಳಿಯಂದ್ರೇ, ಏನೇ ಆಗ್ಲಿ, ಕಾಲ ಕೆಳಗೆ ಮಣ್ಣಿರಬೇಕು."

"ಮಾವ, ಆ ಮಣ್ಣಲ್ಲಿ ಪರ್‌ಕ್ಲೋರೇಟ್ ಅನ್ನೋ ವಿಷ ಇದೆ. ಗಾಳಿಯ ಒತ್ತಡ ಇಲ್ಲಿನ ನೂರರಲ್ಲೊಂದು ಪಾಲೂ ಇಲ್ಲ. ಬಿಸಿಲು ಅರ್ಧಕ್ಕಿಂತ ಕಮ್ಮಿ. ರಾಕೆಟ್ಟು ಹೊರಡೋಕೆ ಒಳ್ಳೇ ಸಮಯ ಬರೋದು 26 ತಿಂಗಳಿಗೊಮ್ಮೆ."

"ನಾವು ಬಂದಾಗ ಈ ಬಡಾವಣೆಗೂ ಬಸ್ಸಿರಲಿಲ್ಲ. ಮುಂದೆ ಡೆವಲಪ್ ಆಗತ್ತೆ ಬಿಡಿ."

ಒಳಗಿನಿಂದ ಅತ್ತೆ ದನಿ ಸೇರಿಸಿದರು: "ಕುಜ ಬಂದು ನಮ್ಮನೇಲಿ ಕೂತ್ರೇ ಶಾಂತಿ ಮಾಡಿಸ್ಬೇಕು. ನೀವಾಗೇ ಅವನ ಮನೆಗೆ ಹೋಗಿ ಕೂರ್ತೀರಾ?"

ಇದೇ ಸಮಯವೆಂದು ನಾನು ನನ್ನ ಪಕ್ಷದ ಪ್ರಣಾಳಿಕೆ ಬಿಚ್ಚಿದೆ. ಪ್ರಿನ್ಸ್‌ಟನ್‌ನ ಭೌತವಿಜ್ಞಾನಿ ಜೆರಾರ್ಡ್ ಓನೀಲ್ 1969ರಲ್ಲೇ ತನ್ನ ವಿದ್ಯಾರ್ಥಿಗಳನ್ನು ಕೇಳಿದ್ದ: ಬೆಳೆಯುವ ನಾಗರಿಕತೆಗೆ ಗ್ರಹದ ಮೈಮೇಲೇ ಇರಬೇಕೆಂಬ ಹಟವೇಕೆ? ಭೂಮಿಯ ಸೆಳೆತದಿಂದ ಪಾರಾಗಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಅಷ್ಟು ಖರ್ಚು ಮಾಡಿ ಹೊರಬಿದ್ದವನು ಮತ್ತೆ ಮಂಗಳನ ಗುಂಡಿಗೆ ಇಳಿದರೆ, ಮೇಲೆ ಬರಲು ಇನ್ನೊಂದು 5 ಕಿಲೋಮೀಟರ್ ವೇಗದ ಕಂದಾಯ. ಚಂದ್ರನಿಂದಾದರೆ 2.4 ಸಾಕು, ಒಂದು ಕಿಲೋ ಸಾಮಾನು ಎತ್ತಲು ಭೂಮಿಯಲ್ಲಿ ಬೇಕಾದ ಶಕ್ತಿಯ ಇಪ್ಪತ್ತರಲ್ಲೊಂದು ಪಾಲೂ ಬೇಡ. ಅಲ್ಲಿಂದ ಸಾಮಾನು ತಂದು ಬಯಲಲ್ಲೇ ಮನೆ ಕಟ್ಟಿ ಎಂದ ಆತ. 1975ರಲ್ಲಿ ನಾಸಾದ ಬೇಸಿಗೆ ಅಧ್ಯಯನದಲ್ಲಿ ನಕ್ಷೆಯೂ ಆಯಿತು. ಹತ್ತು ಸಾವಿರ ಜನರಿಗೆ ಸುಮಾರು 1.8 ಕಿಲೋಮೀಟರ್ ಅಗಲದ ಒಂದು ಚಕ್ರ. ನಿಮಿಷಕ್ಕೊಂದು ಸುತ್ತು ತಿರುಗಿದರೆ ಒಳಗಿದ್ದವರಿಗೆ ಊರಿನಷ್ಟೇ ತೂಕ. ಮಂಗಳನಲ್ಲಿ ತೂಕ ನೂರಕ್ಕೆ 38. ಯಾರಿಗೆ ಅರ್ಜಿ ಕೊಟ್ಟರೂ ಹೆಚ್ಚುವುದಿಲ್ಲ.

"ಚಕ್ರದ ಒಟ್ಟು ತೂಕ ಎಷ್ಟು?" ಎಂದರು ಮಾವ.

"ಸುಮಾರು ಒಂದು ಕೋಟಿ ಟನ್. ಬಹುಪಾಲು ಚಂದ್ರನ ಮಣ್ಣು. ವಿಕಿರಣ ತಡೆಯೋಕೆ."

"ಕೋಟಿ ಟನ್ ಮಣ್ಣು ಹೊರೋ ಬದಲು, ಮಣ್ಣಿರೋ ಕಡೆಗೇ ಹೋಗಬಾರ್ದಾ?"

ಬ್ಯಾಂಕ್ ಮ್ಯಾನೇಜರ್ ಎದುರು ಮೂಡುವ ಮುಗುಳ್ನಗೆಯೊಂದು ನನ್ನಲ್ಲಿದೆ. ಅದನ್ನು ಪ್ರಯೋಗಿಸಿದೆ.

ಹೆಂಡತಿ ಹುರುಳಿಕಾಯಿ ಸೋಸುತ್ತಲೇ ಕೇಳಿದಳು: "ರೀ, ಮೇಂಟೆನೆನ್ಸ್ ಎಷ್ಟು?"

ಅದೇ ಮರ್ಮ. ಮಂಗಳನಲ್ಲಿ ಹಿಮವಿದೆ, ತೆಳು ಗಾಳಿಯಲ್ಲಿ 95 ಪಾಲು ಇಂಗಾಲದ ಡೈಆಕ್ಸೈಡು, ಚೂರು ಸಾರಜನಕವೂ ಉಂಟು. ಚಂದ್ರನ ಮಣ್ಣಿನಲ್ಲಿ ಆಮ್ಲಜನಕ ಧಾರಾಳ. ಇಂಗಾಲ, ಸಾರಜನಕ ಬಲು ಅಪರೂಪ. ಬಯಲಲ್ಲಿರುವವನು ಒಂದು ಉಸಿರನ್ನೂ ವ್ಯರ್ಥ ಮಾಡುವಂತಿಲ್ಲ. ಹತ್ತು ಸಾವಿರ ಕೋಟಿ ಡಾಲರಿಗೂ ಮೀರಿ ನುಂಗಿರುವ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸಾಮಾನ್ಯವಾಗಿ ಇರುವವರು ಏಳು ಮಂದಿ. ಅಲ್ಲಿ ಮೂತ್ರ, ಬೆವರು ಸೇರಿ ನೂರಕ್ಕೆ 98 ಪಾಲು ನೀರನ್ನು ಮರುಬಳಕೆಗೆ ತರಬಹುದೆಂದು 2023ರಲ್ಲಿ ತೋರಿಸಿದರು.

"ಆರ್‌ಓ ಇಂದ ಹೋಗೋ ನೀರಿಗೆ ಬಕೆಟ್ ಇಡಿ ಅಂದ್ರೆ ನೆನಪಿರಲ್ಲ, ಇವರು ಅಲ್ಲಿ ಹೋಗಿ ಬೆವರು ಹಿಡೀತಾರಂತೆ" ಎಂದು ಅವಳು ಹುರುಳಿಕಾಯಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಾಡಿಗೆ ಏನಾದ್ರೂ ಬರತ್ತಾ?"

ಅದಕ್ಕೂ ಓನೀಲ್ ಉತ್ತರವಿಟ್ಟಿದ್ದ. ಅಲ್ಲಿನವರು ಸೌರವಿದ್ಯುತ್ ಉಪಗ್ರಹಗಳನ್ನು ಕಟ್ಟಿ, ಭೂಮಿಗೆ ಕರೆಂಟು ಕಳಿಸಿ ಮಾರಬೇಕು. ಸ್ಪೇಸ್ ಶಟಲ್ ಬಂದರೆ ಸಾಗಣೆ ಅಗ್ಗವಾಗುತ್ತದೆಂದು ಆಗ ಎಲ್ಲರೂ ನಂಬಿದ್ದರು. ಶಟಲ್ 1981ರಿಂದ 2011ರವರೆಗೆ 135 ಸಲ ಹಾರಿತು, ಅಗ್ಗವಂತೂ ಆಗಲಿಲ್ಲ. ಇನ್ನು ಮಂಗಳನಿಂದ ತಂದು ಮಾರಿ ಸಾಗಣೆ ವೆಚ್ಚ ಗಿಟ್ಟಿಸುವಂಥ ಸರಕು ನನಗಂತೂ ಹೊಳೆಯಲಿಲ್ಲ.

"ಅಂದ್ರೆ ಅಪ್ಪನ ಸೈಟಲ್ಲಿ ಬಾಡಿಗೆ ಹುಟ್ಟಲ್ಲ. ನಿಮ್ಮ ಫ್ಲ್ಯಾಟಲ್ಲಿ ಹುಟ್ಟತ್ತೆ, ಕಟ್ಟೋಕೆ ದುಡ್ಡಿಲ್ಲ." ತಜ್ಞರು ಐವತ್ತು ವರ್ಷ ಚರ್ಚಿಸಿದ್ದನ್ನು ಅವಳು ಅರ್ಧ ಕಿಲೋ ಹುರುಳಿಕಾಯಿಯಲ್ಲಿ ಮುಗಿಸಿದಳು.

ಕೊನೆಯ ಅಸ್ತ್ರವಾಗಿ ಮಾವನವರಿಗೆ 1967ರ ಬಾಹ್ಯಾಕಾಶ ಒಪ್ಪಂದದ ಸುದ್ದಿ ಹೇಳಿದೆ: ಯಾವ ದೇಶವೂ ಯಾವ ಗ್ರಹವನ್ನೂ ತನ್ನದೆನ್ನುವಂತಿಲ್ಲ. ಅವರ ಮುಖ ಬಾಡಿತು. "ಹಾಗಾದ್ರೆ ಖಾತೆ?"

"ಮಾಡಿಕೊಡೋ ಕಚೇರಿಯೇ ಇಲ್ಲ."

ಖಾತೆಯಾಗದ ಮಣ್ಣನ್ನು ಅವರು ಮಣ್ಣೆಂದೇ ಒಪ್ಪುವುದಿಲ್ಲ. ತುಂಬ ಹೊತ್ತು ಯೋಚಿಸಿ, "ನಿಮ್ಮ ಚಕ್ರದಲ್ಲಿ ಈಶಾನ್ಯ ಯಾವ ಕಡೆ ಬರತ್ತೆ?" ಎಂದರು.

ನಾನು ಬಿಲ್ಡರ್ ಆಗಬೇಕಿತ್ತು. "ನಿಮಿಷಕ್ಕೊಂದು ಸುತ್ತು, ಮಾವ. ಈಶಾನ್ಯ ಪ್ರತಿ ಮನೆಗೂ ನಿಮಿಷಕ್ಕೊಂದು ಸಲ ಬಂದು ಹೋಗತ್ತೆ."

"ಸರಿ. ಒಂದು ಬುಕ್ ಮಾಡಿಬಿಡಿ."

"ಯಾರ ದುಡ್ಡಲ್ಲಿ?" ಎಂದಿತು ಖಜಾನೆ. ಎರಡೂ ಪಕ್ಷಗಳು ಒಟ್ಟಿಗೇ ಎದ್ದು ವಾಕಿಂಗ್ ಹೊರಟವು.